ಹಳೇ ಮನುಷ್ಯ

ಸ್ಟೇಜು ಬಿಟ್ಟು ಪ್ರಾರ್ಥನೆಗೆ ಹೋದ ಮೇಲೆ ಅವನು ಕೆಟ್ಟನೋ ಉದ್ಧಾರವಾದನೋ ಎಂದು ಅರಸೀಕೆರೆ ಸ್ಟೇಷನ್ ರಸ್ತೆಯ ಕ್ಯಾಸೆಟ್ ಅಂಗಡಿಯಲ್ಲಿ ನಾವು ಒಂದು ಮಳೆಗಾಲ ಪೂರ್ತಿ ಜಗಳವಾಡಿದೆವು. ಮಳೆಗಾಲ ಎಂದು ಬರೆದೆ. ಆದರೆ ಆ ದಿನಗಳನ್ನು ನೆನೆಸಿಕೊಂಡರೆ ನನಗೆ ಕಾಣುವುದು ಧೂಳು. ಕ್ಯಾಸೆಟ್ ಡಬ್ಬಿಗಳ ಮೇಲೆ, ಅಂಗಡಿಯ ಬೆಂಚಿನ ಮೇಲೆ, ನಮ್ಮ ಚಪ್ಪಲಿಗಳ ಮೇಲೆ ಧೂಳು. ಎರಡರಲ್ಲಿ ಒಂದು ಸುಳ್ಳು. ಯಾವುದು ಎಂದು ತೀರ್ಮಾನವಾಗಲಿ ಎಂದು ಕಾದರೆ ಇದನ್ನು ಬರೆಯುವುದೇ ಆಗುವುದಿಲ್ಲ.

ಅವನು ನಮ್ಮ ಕಡೆಯ ರ‍್ಯಾಪ್ ಸ್ಟಾರ್. ಇದು ನಾವು ಕೊಟ್ಟ ಬಿರುದಲ್ಲ, ಆರ್ಕೆಸ್ಟ್ರಾದ ಪೋಸ್ಟರಿನಲ್ಲಿ ಕೆಂಪು ಅಕ್ಷರದಲ್ಲಿ ಹಾಗೇ ಇರುತ್ತಿತ್ತು. ನಾವೆಲ್ಲ ಬರೀ ಸ್ಟಾರು ಎನ್ನುತ್ತಿದ್ದೆವು. ಊರು ಮಾದಿಹಳ್ಳಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಮಧ್ಯಾಹ್ನದ ಬಸ್ಸು ಹತ್ತಿ, ಸಂಜೆ ಎಲ್ಲಾದರೂ ಒಂದು ಸ್ಟೇಜಿನ ಮೇಲೆ ಇರುತ್ತಿದ್ದ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಉಳಿದ ಹಾಡುಗಾರರು ಸಿನಿಮಾ ಹಾಡು ಹಾಡಿ ಇಳಿದರೆ ಇವನು ಡ್ರಮ್ಮಿನ ಹೊಡೆತಕ್ಕೆ ಸರಿಯಾಗಿ ಪಟಪಟ ಮಾತು ಉದುರಿಸುತ್ತಿದ್ದ. ಅದು ನಮ್ಮ ಮಾತು.

ಬಸ್ಸು ಬತ್ತೈತೆ ಬಸ್ಸು ಹೋತೈತೆ, ಸೀಟು ಯಾರದ್ಲಾ?
ಕಿಟಕೀಲಿ ಟವೆಲ್ ಹಾಕಿದ್ದು ನಾನು, ಕುಂತಿರೋನ್ಯಾರ್ಲಾ?

ಕಾಗದದ ಮೇಲೆ ಇದು ಏನೂ ಅಲ್ಲ. ಆದರೆ ಮೈಕಿನ ಮುಂದೆ ನಿಂತು ‘ಐತೆ’ ಅನ್ನಬಹುದು ಎಂದು ನಮಗೆ ತೋರಿಸಿದವನು ಅವನು. ನಾನು ಆಗ ಬಿ.ಎ. ಮುಗಿಸಿ ಟ್ಯುಟೋರಿಯಲ್ಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಫೇಲಾದವರ ಉತ್ತರಗಳಲ್ಲಿ ‘ಐತೆ’ಯನ್ನು ‘ಇದೆ’ ಎಂದು ತಿದ್ದುವುದು ನನ್ನ ಕೆಲಸ. ಸಂಜೆ ಹೋಗಿ ಅದೇ ‘ಐತೆ’ಗೆ ಶಿಳ್ಳೆ ಹೊಡೆಯುತ್ತಿದ್ದೆ.

ನಮ್ಮದು ನಾಲ್ಕು ಜನರ ಗುಂಪು. ಸ್ಟಾರಿನ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿ ಪ್ರತಿ ತೆಗೆಯುತ್ತಿದ್ದ ಅಂಗಡಿಯವನು. ಪಕ್ಕದ ಮಳಿಗೆಯ ಟೈಲರ್. ನಾನು. ಜೊತೆಗೆ ನನ್ನ ಹೈಸ್ಕೂಲಿನ ಗೆಳೆಯ, ಕಣಕಟ್ಟೆಯವನು. ಅವನು ನಮ್ಮ ಹಾಗೆ ಬರೀ ಅಭಿಮಾನಿಯಲ್ಲ. ಆರ್ಕೆಸ್ಟ್ರಾದ ಸ್ಪೀಕರ್ ಡಬ್ಬಗಳನ್ನು ಇಳಿಸಿ ಜೋಡಿಸುವುದು, ವೈರು ಎಳೆಯುವುದು, ಸ್ಟಾರಿನ ಗಂಟಲು ಒಣಗಿದರೆ ಸೋಡಾ ಒಡೆದು ಕೊಡುವುದು ಎಲ್ಲ ಅವನದೇ. ಹೊಸ ಊರಿಗೆ ಹೋದರೆ ಸ್ಟಾರು ಅವನ ಹೆಗಲ ಮೇಲೆ ಕೈ ಹಾಕಿ, “ಇವ್ನು ನಮ್ಮ ಮನುಷ್ಯ ಕಣ್ರೀ” ಎಂದು ಪರಿಚಯ ಹೇಳುತ್ತಿದ್ದ. ಗೆಳೆಯನಿಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ.

ಹಳೇಬೀಡಿನ ಸಂಜೆಯ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ, ಹೇಳಿದ್ದು ಜಾಸ್ತಿ. ಶಾಲೆಯ ಬಯಲು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಸ್ಟಾರು ಎಂದಿನಂತೆ ಹಾಡಿನ ಮಧ್ಯೆ ನಿಲ್ಲಿಸಿ “ಯಾವ್ಯಾವ ಊರೋರು ಬಂದಿದ್ದೀರ?” ಎಂದು ಕೇಳಿ, ಒಂದೊಂದು ಊರಿನ ಮೇಲೂ ಒಂದೊಂದು ಕುಚೋದ್ಯ ಕಟ್ಟುತ್ತಿದ್ದ. ಅರೇಹಳ್ಳಿಯಿಂದ ಬಂದ ಒಬ್ಬರು, ಮಧ್ಯವಯಸ್ಸಿನವರು, ಮುಂದಿನ ಸಾಲಿನಲ್ಲಿ ಎದ್ದು ನಿಂತು, “ಸಾಕು ನಿಲ್ಸೋ, ಇದು ಹಾಡೇನೋ? ದನ ಅಟ್ಟೋನ ಮಾತು” ಅಂದರು. ಜನ ನಕ್ಕರು. ನಕ್ಕಿದ್ದು ಸ್ಟಾರಿನ ಮೇಲೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ಆ ಮಬ್ಬಿನಲ್ಲಿ ಸ್ಟೇಜಿನ ಎಡಗಡೆಯಿಂದ ಒಂದು ಸೋಡಾ ಬಾಟಲಿ ಹಾರಿ ಬಂದು ಅವರ ಕಣ್ಣಿಗೆ ಬಡಿಯಿತು. ಎಡಗಡೆ ಇದ್ದವರು ಇಬ್ಬರೇ, ಸ್ಟಾರು ಮತ್ತು ನನ್ನ ಗೆಳೆಯ. ಸೋಡಾ ಕ್ರೇಟಿನ ಪಕ್ಕ ನಿಂತಿದ್ದವನು ಗೆಳೆಯ. ಪೊಲೀಸರು ಹಿಡಿದದ್ದು ಅವನನ್ನು. ಅರೇಹಳ್ಳಿಯವರ ಆ ಕಣ್ಣು ಮತ್ತೆ ಬರಲಿಲ್ಲ.

ನಾನು ಅಲ್ಲಿದ್ದೆ. ನೋಡಲಿಲ್ಲ. ನೋಡಿದೆ ಎಂದು ಎಷ್ಟೋ ಸಲ ಹೇಳಿದ್ದೇನೆ.

“ನಾನಲ್ಲ ಕಣೋ” ಎಂದು ಗೆಳೆಯ ಹೇಳಿದ. ಇಷ್ಟೇ ಹೇಳಿದ. ಯಾರು ಎಂದು ಹೇಳಲಿಲ್ಲ. ಸ್ಟಾರು ಪೊಲೀಸರಿಗೆ, “ಕತ್ತಲಾಗಿತ್ತು ಸಾರ್, ನಾನು ನೋಡ್ಲಿಲ್ಲ” ಎಂದು ಬರೆಸಿದ. ಬೇಲೂರಿನ ಕೋರ್ಟಿನಲ್ಲಿ ಕೇಸು ಶುರುವಾಯಿತು, ಗೆಳೆಯ ಜಾಮೀನಿನ ಮೇಲೆ ಹೊರಗೆ ಬಂದ. ಗೆಳೆಯನಿಗೆ ಜೈಲಿಗಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಬಸ್ ಕಂಡಕ್ಟರ್ ಕೆಲಸದ ಆಯ್ಕೆ ಪಟ್ಟಿಯಲ್ಲಿ ಅವನ ಹೆಸರು ಬಂದಿತ್ತು. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಮೈಮೇಲೆ ಹೊಡೆದಾಟದ ಕೇಸು ಇಟ್ಟುಕೊಂಡವನಿಗೆ ಟಿಕೆಟ್ ಚೀಲ ಯಾರು ಕೊಡುತ್ತಾರೆ?

ಸ್ಟಾರು ಮತ್ತೆ ಸ್ಟೇಜು ಹತ್ತಲಿಲ್ಲ. ಕೆಲವು ತಿಂಗಳಾದ ಮೇಲೆ ಸುದ್ದಿ ಬಂತು. ರೈಲ್ವೆ ಕ್ವಾರ್ಟರ್ಸಿನ ಹಿಂದೆ ಒಂದು ಪ್ರಾರ್ಥನೆ ಹಾಲ್ ಇದೆ, ಸ್ಟಾರು ಅಲ್ಲಿ ಏಸುವಿನ ಹಾಡು ಹಾಡುತ್ತಿದ್ದಾನೆ.

“ಅದೇ ಟ್ಯೂನು ಕಣ್ರಲಾ,” ಅಂದ ಟೈಲರ್. ಅವನು ಯಾರದೋ ಬ್ಲೌಸು ಕೊಡಲು ಆ ಕಡೆ ಹೋಗಿ ಹೊರಗೆ ನಿಂತು ಕೇಳಿ ಬಂದಿದ್ದ. “ಬಾಗ್ಲು ತಟ್ಟವ್ನೆ ಬಾಗ್ಲು ತಟ್ಟವ್ನೆ, ತೆಗೆಯೋನ್ಯಾರ್ಲಾ ಅಂತಾನೆ. ಟವೆಲ್ ತೆಗೆದು ಏಸುನ ಕೂರ್ಸವ್ನೆ.”

ಅಂಗಡಿಯವನಿಗೆ ನಗು ಬರಲಿಲ್ಲ. ಅವನು ದಿನವೂ ರೆಕಾರ್ಡಿಂಗ್ ಮಿಷನ್ನಿಗೆ ಊದುಬತ್ತಿ ಬೆಳಗುವ ಮನುಷ್ಯ. “ನಮ್ಮ ಮನೆದೇವರು ಕಾಣ್ಲಿಲ್ವಾ ಇವ್ನಿಗೆ?”

“ಅವನ ದೇವ್ರು ಅವನಿಷ್ಟ. ನಿಂಗ್ಯಾಕೆ ಹೊಟ್ಟೆನೋವು?” ಅಂದ ಟೈಲರ್.

“ಹೊಟ್ಟೆನೋವಲ್ಲ ಕಣಯ್ಯ. ಅಪ್ಪ ಅಮ್ಮನ್ನ ಕೇಳ್ದೆ ಮದುವೆ ಆದಂಗಾಯ್ತು. ಐದು ವರ್ಷ ಅವನ ಹಾಡು ಕೇಳಿದೀವಿ. ನಮ್ಗೊಂದು ಮಾತು ಹೇಳ್ಬೇಕೋ ಬೇಡ್ವೋ?”

“ಹೆದ್ರಿಕೊಂಡವ್ನೆ ಅಷ್ಟೇ. ಪೊಲೀಸ್ನೋರ ಭಯ ದೇವರ ಭಯ ಆಗೈತೆ.”

ನಾನು ಏನು ಹೇಳಿದೆ? ಹಾಡುಗಾರನಿಗೆ ಹಾಡು ಮುಖ್ಯ, ಯಾರ ಮೇಲೆ ಹಾಡಿದ ಎನ್ನುವುದಲ್ಲ ಎಂದೋ, ಹಾಗೇ ಏನೋ ದೊಡ್ಡ ಮಾತು ಹೇಳಿರಬೇಕು. ನನಗೆ ನಿಜವಾಗಿ ಆದದ್ದು ಮತ್ಸರ. ನಮಗೆ ಸಿಗದೆ ಹೋದವನು ಇನ್ಯಾರಿಗೋ ಸಿಕ್ಕಿದ್ದ.

ಒಂದು ಬುಧವಾರ ಟೈಲರ್ ಓಡಿ ಬಂದ. ಗೆಳೆಯನೂ ಅಲ್ಲೇ ಇದ್ದ, ಟೀ ಕುಡಿಯುತ್ತಿದ್ದ.

“ಗೊತ್ತಾಯ್ತಾ? ಸ್ಟಾರು ಸಾಕ್ಷಿ ಹೇಳ್ತಾನಂತೆ.”

“ಎಲ್ಲಿ?” ಅಂದ ಅಂಗಡಿಯವನು.

“ಎಲ್ಲಿ ಅಂದ್ರೆ? ಸಾಕ್ಷಿ ಸಲೂನಲ್ಲಿ ಹೇಳ್ತಾರೇನ್ಲಾ?”

ಗೆಳೆಯ ಟೀ ಲೋಟ ಕೆಳಗಿಟ್ಟ. ಕತ್ತಲಾಗಿತ್ತು, ನೋಡಲಿಲ್ಲ ಎಂದವನು ಈಗ ಕೋರ್ಟಿನಲ್ಲಿ ಏನನ್ನೋ ಹೇಳಲು ಹೊರಟಿದ್ದಾನೆ ಎಂದರೆ ಯಾರ ಮೇಲೆ? ಮಾರನೇ ದಿನ ನಾನೂ ಅವನೂ ಬಸ್ ಸ್ಟ್ಯಾಂಡಿನಲ್ಲಿ ಕಾದೆವು. ಮಾದಿಹಳ್ಳಿ ಕಡೆಯ ಬಸ್ಸಿನಿಂದ ಸ್ಟಾರು ಇಳಿದ. ಕೂದಲು ಕತ್ತರಿಸಿದ್ದ. ಕಂಕುಳಲ್ಲಿ ಕಪ್ಪು ರಟ್ಟಿನ ಪುಸ್ತಕ.

“ಅಣ್ಣಾ, ಸಾಕ್ಷಿ ಹೇಳ್ತೀಯಂತೆ?” ಗೆಳೆಯ ಕೇಳಿದ.

“ಹೂಂ ಕಣಪ್ಪ. ಹೇಳ್ಲೇಬೇಕು. ಎದೆ ಮೇಲೆ ಕಲ್ಲು ಇಟ್ಟಂಗೈತೆ.”

“ಯಾವತ್ತು?”

“ಈ ಭಾನುವಾರ. ಬೆಳಿಗ್ಗೆ ಹತ್ತಕ್ಕೆ.”

ಗೆಳೆಯ ನನ್ನ ಮುಖ ನೋಡಿದ. “ಭಾನುವಾರ ಕೋರ್ಟು ರಜ ಅಲ್ವಾ?”

ಸ್ಟಾರು ನಕ್ಕ. “ಕೋರ್ಟಲ್ಲಲ್ಲ ಕಣೋ! ಸಭೇಲಿ. ದೇವರು ನಮಗೆ ಏನು ಮಾಡಿದ ಅಂತ ಎಲ್ಲರ ಮುಂದೆ ಹೇಳೋದಕ್ಕೆ ಸಾಕ್ಷಿ ಅಂತಾರೆ. ನೀವೂ ಬನ್ನಿ. ನೀವು ಬರ್ಲೇಬೇಕು.” ಕೊನೆಯ ಮಾತನ್ನು ಗೆಳೆಯನ ಕೈ ಹಿಡಿದು ಹೇಳಿದ. ಇಬ್ಬರೂ ನಗುತ್ತಲೇ ವಾಪಸಾದೆವು. ಒಂದು ಪದಕ್ಕೆ ಎರಡು ಮನೆ ಇರುತ್ತದೆ ಎಂದು ಅಷ್ಟಕ್ಕೇ ನಾನು ಎಚ್ಚರವಾಗಬೇಕಿತ್ತು. ಪಾಠ ಹೇಳುವವನು ನಾನು.

ಭಾನುವಾರ ನಾಲ್ವರೂ ಹೋದೆವು. ಶೀಟಿನ ಮಾಡು, ನೆಲಕ್ಕೆ ಪ್ಲಾಸ್ಟಿಕ್ ಚಾಪೆ, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ. ನಾವು ಬಾಗಿಲ ಹತ್ತಿರ ಕೂತೆವು. ಸ್ಟಾರು ಹಾಡಿದ. ಅದೇ ಹೊಡೆತ, ಆದರೆ ನಿಧಾನ. ಒಂದೊಂದು ಮಾತಿನ ಮಧ್ಯೆ ಉಸಿರಾಡಲು ಜಾಗವಿತ್ತು. ಟೈಲರ್ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಅವನು ಆಮೇಲೆ ಅದನ್ನು ಒಪ್ಪಲಿಲ್ಲ.

ಹಾಡು ಮುಗಿದ ಮೇಲೆ ಸಾಕ್ಷಿ. ಬಾಯಿ ತೆರೆದ ಕೂಡಲೇ ನನಗೆ ಕಸಿವಿಸಿಯಾಯಿತು. ಅವನ ಮಾತೇ ಅದಲ್ಲ. ನಾನು ಟ್ಯುಟೋರಿಯಲ್ಲಿನಲ್ಲಿ ಕಲಿಸುವ ಕನ್ನಡ, ಅದಕ್ಕಿಂತಲೂ ಹಳೆಯದು. ‘ನಾನು ಪಾಪದಲ್ಲಿ ನಡೆದೆನು’, ‘ಕತ್ತಲೆಯಲ್ಲಿ ಬಿದ್ದಿದ್ದೆನು’. ‘ಐತೆ’ಯನ್ನು ಸ್ಟೇಜಿನ ಮೇಲೆ ನಿಲ್ಲಿಸಿದವನು ಪುಸ್ತಕದ ಕನ್ನಡದಲ್ಲಿ ತಡವರಿಸುತ್ತಿದ್ದ. ಆಮೇಲೆ ಹೇಳಿದ:

“ಹಳೇಬೀಡಿನಲ್ಲಿ ಆ ಸಂಜೆ ದೀಪಗಳು ಆರಿಹೋದಾಗ ನನ್ನ ಹಳೇ ಮನುಷ್ಯನು ಬಾಟಲಿಯನ್ನು ಎತ್ತಿ ಆ ಸಹೋದರನ ಮೇಲೆ ಎಸೆದನು.”

“ಸ್ತೋತ್ರ!” ಎಂದು ಇಡೀ ಹಾಲು ಕೂಗಿತು.

ಗೆಳೆಯ ನನ್ನ ಪಕ್ಕದಲ್ಲೇ ಇದ್ದ. ಅವನ ಮೊಣಕೈ ನನಗೆ ತಾಗುತ್ತಿತ್ತು, ಆಮೇಲೆ ತಾಗಲಿಲ್ಲ. ಎದ್ದು ಹೋಗಿದ್ದ.

ಇಲ್ಲಿ ಒಂದು ತಕರಾರು ಇದೆ. ‘ನನ್ನ ಹಳೇ ಮನುಷ್ಯನು’ ಅಂದನೋ, ‘ನನ್ನೊಳಗಿನ ಹಳೇ ಮನುಷ್ಯನು’ ಅಂದನೋ? ಒಂದು ದಿನ ಹೀಗೆ ಕೇಳಿಸುತ್ತದೆ, ಇನ್ನೊಂದು ದಿನ ಹಾಗೆ. ಎರಡನೆಯದೇ ಆಗಿದ್ದರೆ ನಾನು ಮುಂದೆ ಮಾಡಿದ್ದಕ್ಕೆ ಯಾವ ನೆಪವೂ ಉಳಿಯುವುದಿಲ್ಲ. ಅದಕ್ಕೇ ಇರಬೇಕು, ಮೇಲೆ ಮೊದಲನೆಯದನ್ನೇ ಬರೆದಿದ್ದೇನೆ.

ಅಂಗಡಿಗೆ ಬಂದ ಮೇಲೆ ಬೆಂಚಿನ ತುದಿಯಲ್ಲಿ ಗೆಳೆಯ ಕೂತಿದ್ದ.

“ನಮ್ಮ ಮನುಷ್ಯ ನಮ್ಮ ಮನುಷ್ಯ ಅಂತಿದ್ದ. ಈಗ ಹಳೇ ಮನುಷ್ಯ ಆದ್ನಾ ನಾನು?”

“ಥೂ, ನಿನ್ನ ಅಂದಿರಲ್ಲ ಬಿಡ್ಲಾ. ಏನೋ ದೇವರ ಮಾತು,” ಅಂದ ಟೈಲರ್.

“ದೇವರ ಮಾತಲ್ಲಿ ಸೋಡಾ ಬಾಟ್ಲಿ ಎಲ್ಲಿಂದ ಬಂತು?” ಅಂಗಡಿಯವನು ನನ್ನ ಕಡೆ ತಿರುಗಿದ. “ಮೇಷ್ಟ್ರೇ, ನೀವು ಹೇಳಿ. ಓದಿರೋರು ನೀವೊಬ್ರೇ.”

ನಾನು ಹೇಳಿದೆ. ಆ ಮಾತು ಮಾತ್ರ ಅಕ್ಷರ ಬಿಡದೆ ನೆನಪಿದೆ. “ತಾನೇ ಎಸೆದಿದ್ರೆ ‘ಎಸೆದೆನು’ ಅನ್ನಬೇಕಿತ್ತು. ಅದು ಉತ್ತಮ ಪುರುಷ. ಅವನು ಅಂದಿದ್ದು ‘ಎಸೆದನು’. ಪ್ರಥಮ ಪುರುಷ. ಅಂದ್ರೆ ಬೇರೆಯವರು.”

ವ್ಯಾಕರಣಕ್ಕೆ ಎದುರು ಯಾರು ಮಾತಾಡುತ್ತಾರೆ? ಗೆಳೆಯ ಎದ್ದು, ಸೈಕಲ್ಲಿನ ಸ್ಟ್ಯಾಂಡು ತೆಗೆದು, “ನೀನೂ ಹಂಗೇ ಅಂತೀಯಾ?” ಎಂದು ಕೇಳಿದ. ನಾನು ಹಾಗೆ ಅನ್ನುತ್ತಿಲ್ಲ, ವ್ಯಾಕರಣ ಹಾಗೆ ಅನ್ನುತ್ತದೆ ಎಂದೆ. ಅವನು ಹೋದ.

ಆ ವಾರ ಊರೆಲ್ಲ ಹಬ್ಬಿತು. ಸ್ಟಾರು ದೇವರ ಮುಂದೆ ನಿಂತು ಹೇಳಿದನಂತೆ, ತನ್ನ ಮನುಷ್ಯನೇ ಎಸೆದನಂತೆ. ದೇವರ ಮುಂದೆ ಹೇಳಿದ ಮೇಲೆ ಸುಳ್ಳು ಹೇಗಾದೀತು? ಕಣಕಟ್ಟೆಯ ಸಂತೆಯಲ್ಲಿ ಗೆಳೆಯನ ತಾಯಿಗೆ ಯಾರೋ ಎದುರಿಗೇ ಕೇಳಿದರು, “ನಿನ್ ಮಗನೇ ಅಂತಲ್ಲಮ್ಮ?” ಎಂದು. ಆಕೆ ರಾಗಿ ಮಾರದೆ ವಾಪಸು ಹೋದರಂತೆ. ಇದನ್ನು ನಾನು ನೋಡಿಲ್ಲ. ಕೇಳಿದ್ದು.

ಗುರುವಾರ ಟ್ಯುಟೋರಿಯಲ್ಲಿಗೆ ಒಬ್ಬ ರಿಟೈರ್ಡ್ ನರ್ಸಮ್ಮ ಬಂದರು. ಮೊಮ್ಮಗಳನ್ನು ಕನ್ನಡಕ್ಕೆ ಸೇರಿಸಬೇಕಿತ್ತು. ಭಾನುವಾರ ನನ್ನನ್ನು ಹಾಲಿನಲ್ಲಿ ನೋಡಿದ್ದರಂತೆ.

“ಎಷ್ಟು ಧೈರ್ಯ ನೋಡಿ ಮೇಷ್ಟ್ರೇ ಆ ಹುಡುಗಂಗೆ! ನಾನೇ ಒಬ್ಬರ ಕಣ್ಣು ಕಳೆದೆ ಅಂತ ನೂರು ಜನದ ಮುಂದೆ ಹೇಳೋದು ಅಂದ್ರೆ?”

“ಹಳೇ ಮನುಷ್ಯ ಎಸೆದ ಅಂದನಲ್ಲ?”

“ಹೂಂ, ಅವನೇ. ರಕ್ಷಣೆಗೆ ಮುಂಚೆ, ಅಂದ್ರೆ ಏಸುನ ನಂಬೋಕೆ ಮುಂಚೆ, ಇದ್ದ ಅವನು. ನಮ್ಮಲ್ಲಿ ಹಂಗೇ ಹೇಳೋದು. ಹಳೇ ಮನುಷ್ಯ ಸತ್ತ, ಹೊಸ ಮನುಷ್ಯ ಹುಟ್ಟಿದ ಅಂತ. ನಮ್ಮ ಪಾಸ್ಟರು ಕೋಲಾರದ ಕಡೆಯೋರು. ಅವರ ಮಾತು ನಮಗೆಲ್ಲ ಅಂಟಿಕೊಂಡ್ಬಿಟ್ಟಿದೆ.” ಆಮೇಲೆ ಮೊಮ್ಮಗಳಿಗೆ ಸಂಧಿ ಸಮಾಸ ಬರುವುದಿಲ್ಲ ಎಂದರು. ನಾನು ಹೇಳಿಕೊಡುತ್ತೇನೆ ಎಂದೆ.

ಅವತ್ತೇ ಸಂಜೆ ಅಂಗಡಿಗೆ ಹೋದೆ. ಹೇಳಲಿಲ್ಲ. ಶುಕ್ರವಾರ ಹೋದೆ, ಹೇಳಲಿಲ್ಲ. ಕಾರಣಗಳನ್ನು ಆಮೇಲೆ ಬೇಕಾದಷ್ಟು ಜೋಡಿಸಿದ್ದೇನೆ. ನರ್ಸಮ್ಮನ ಮಾತೇ ತಪ್ಪಿರಬಹುದು. ಸ್ಟಾರೇ ಬಂದು ಬಿಡಿಸಿ ಹೇಳಬಹುದು. ಹೇಳಿದರೆ ಸ್ಟಾರಿಗೆ ಜೈಲಾಗಬಹುದು. ಐದು ವರ್ಷ ಅವನ ಪೋಸ್ಟರಿನ ಕೆಳಗೆ ನಿಂತು ಶಿಳ್ಳೆ ಹೊಡೆದ ನನಗೆ, ಎದ್ದು ನಿಂತ ಒಬ್ಬ ಹಿರಿಯರ ಕಣ್ಣಿಗೆ ಬಾಟಲಿ ಎಸೆದವನು ಅವನು ಎಂದು ಒಪ್ಪುವುದಕ್ಕೆ ಆಗಲಿಲ್ಲ. ಇದೆಲ್ಲ ಇದ್ದಿರಬಹುದು. ಜೊತೆಗೆ, ಉತ್ತಮ ಪುರುಷ ಪ್ರಥಮ ಪುರುಷ ಎಂದು ಅಷ್ಟು ಗಟ್ಟಿಯಾಗಿ ಹೇಳಿದ್ದವನು ನಾನು.

ಗೆಳೆಯ ಅಂಗಡಿಗೆ ಬರುವುದು ನಿಂತಿತು. ಏಳು ವಾರದ ಮೇಲೆ ಒಂದು ಮಧ್ಯಾಹ್ನ ಬಂದ. ಒಳಗೆ ಬರಲಿಲ್ಲ. ರಸ್ತೆಯಲ್ಲೇ ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತು, “ಹೋಯ್ತು,” ಅಂದ. ವೆರಿಫಿಕೇಶನ್ನಿಗೆ ಬಂದ ಪೊಲೀಸಿನವರು ಕೇಸಿನ ಬಗ್ಗೆ ಕೇಳಿದ್ದರು, ಅಕ್ಕಪಕ್ಕದವರನ್ನೂ ಕೇಳಿದ್ದರು. ಅಕ್ಕಪಕ್ಕದವರು ಊರಲ್ಲಿ ಹಬ್ಬಿದ್ದನ್ನೇ ಹೇಳಿದ್ದರು. ಪಟ್ಟಿಯಿಂದ ಹೆಸರು ತೆಗೆದಿದ್ದಾರೆ ಎಂದು ಕಾಗದ ಬಂದಿತ್ತು. ನಾನು ಮುಂಚೆ ಹೇಳಿದ್ದರೆ ಉಳಿಯುತ್ತಿತ್ತೇ? ಕೇಸಂತೂ ಇದ್ದೇ ಇತ್ತು. ಉಳಿಯುತ್ತಿರಲಿಲ್ಲ ಎಂದು ಹೇಳಿಕೊಳ್ಳುವುದು ಸುಲಭ.

ಮಾರನೇ ಬೆಳಿಗ್ಗೆ ಮಾದಿಹಳ್ಳಿಗೆ ಹೋದೆ. ಸ್ಟಾರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಊರಿನಲ್ಲಿ ಎಲ್ಲರೂ ಏನೆಂದುಕೊಂಡಿದ್ದಾರೆ ಎಂದು ಹೇಳಿದೆ. ಅವನ ಕೈ ನಿಂತಿತು.

“ಅವನ್ನ ಅಂದೆ ಅಂದ್ಕೊಂಡ್ರಾ? ನಮ್ಮ ಮನುಷ್ಯನ್ನ?”

“ಹೂಂ.”

“ನಾನು ನನ್ನ ಬಗ್ಗೆ ಹೇಳಿದ್ದು ಮೇಷ್ಟ್ರೇ! ಅವನಿಗೆ ಕೇಳಿಸ್ಲಿ ಅಂತಾನೇ ಕರೆದಿದ್ದು. ಕೇಳಿ ಎದ್ದೋದ. ಕೋಪ ಇರುತ್ತೆ, ಇರ್ಲಿ, ಅಂತ ಸುಮ್ಮನಾದೆ.”

“ಕೋರ್ಟಲ್ಲಿ ಹೇಳು.”

ಅವನು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಕೂತ. “ದೇವರ ಮುಂದೆ ಹೇಳಾಗೈತೆ. ಕ್ಷಮೆ ಸಿಕ್ಕೈತೆ. ಅವನು ಸತ್ತೋದ ಮೇಷ್ಟ್ರೇ.”

“ಸತ್ತೋನ ಹೆಸರಲ್ಲಿ ಕೇಸಿಲ್ಲ. ಕಣಕಟ್ಟೆಯೋನ ಹೆಸರಲ್ಲಿ ಐತೆ.”

ಅವನು ಎದ್ದ. ಚೆಂಬು ತುಂಬಾ ಹಾಲು ಕೊಟ್ಟ. ಕುಡಿದು ಬಂದೆ.

ಬೇಲೂರಿನ ಕೋರ್ಟಿಗೆ ಸ್ಟಾರು ಬಂದ ದಿನ ನಾನು ಹೊರಗೆ ಜಗಲಿಯಲ್ಲಿದ್ದೆ. ಒಳಗೆ ನಡೆದದ್ದು ವಕೀಲರು ಹೇಳಿ ಗೊತ್ತು. ಪೊಲೀಸರ ಕಡೆಯ ಸಾಕ್ಷಿಯಾಗಿ ಕರೆಸಿದ್ದರು, ಕತ್ತಲಾಗಿತ್ತು ಎಂದು ಹೇಳಿ ಹೋಗಲಿ ಎಂದು. ಅವನು ಹಳೆಯ ಹೇಳಿಕೆ ಸುಳ್ಳು ಅಂದನಂತೆ. ಆಮೇಲೆ, “ನಾನೇ ಎಸ್ದಿದ್ದು ಸ್ವಾಮಿ” ಅಂದನಂತೆ. ಯಾವ ಪುಸ್ತಕದ ಮಾತೂ ಇಲ್ಲದೆ. ಹೊರಗೆ ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅರೇಹಳ್ಳಿಯವರು ಕಪ್ಪು ಕನ್ನಡಕ ಹಾಕಿಕೊಂಡು ಅದೇ ಜಗಲಿಯ ಇನ್ನೊಂದು ತುದಿಯಲ್ಲಿದ್ದರು. ಅವನು ಅವರ ಕಡೆ ಎರಡು ಹೆಜ್ಜೆ ಹೋಗಿ ನಿಂತ. ಅವರು ಮುಖ ತಿರುಗಿಸಿದರು. ಮುಂದೆ ಅವನ ಮೇಲೆ ಬೇರೆ ಕೇಸು ಆಯಿತು ಎಂದು ಕೇಳಿದೆ. ಗೆಳೆಯನನ್ನು ಎರಡು ತಿಂಗಳ ಮೇಲೆ ಕೇಸಿನಿಂದ ಬಿಟ್ಟರು.

ಅಂಗಡಿಯಲ್ಲಿ ವಾದ ಮತ್ತೆ ಶುರುವಾಯಿತು. ನಿಜ ಹೇಳಿಸಿದ್ದು ಅವನ ದೇವರು ಎಂದ ಟೈಲರ್. ಅವನ ಅಪ್ಪ ಅಮ್ಮ ಬೆಳೆಸಿದ ರೀತಿ ಅದು, ಯಾವ ದೇವರ ಹತ್ತಿರ ಹೋಗಿದ್ದರೂ ಹೇಳುತ್ತಿದ್ದ ಎಂದ ಅಂಗಡಿಯವನು. ನಾನು ಎರಡರಲ್ಲೂ ಸೇರಲಿಲ್ಲ.

ಗೆಳೆಯನನ್ನು ಬಿಟ್ಟ ದಿನ ಬೇಲೂರಿನಿಂದ ಒಂದೇ ಬಸ್ಸಿನಲ್ಲಿ ಬಂದೆವು. ಹಳೇಬೀಡು ದಾಟಿತು. ಆಮೇಲೆ ಅವನು ಕೇಳಿದ.

“ಹಳೇ ಮನುಷ್ಯ ಅಂದ್ರೆ ಅವನೇ ಅಂತ ನಿಂಗೆ ಯಾವಾಗ ಗೊತ್ತಾಯ್ತು?”

“ಮಾದಿಹಳ್ಳಿಗೆ ಹೋದೆನಲ್ಲ, ಅದರ ಹಿಂದಿನ ದಿನ,” ಅಂದೆ. “ಯಾರೋ ನರ್ಸಮ್ಮ ಸಿಕ್ಕಿದ್ರು.”

“ಗೊತ್ತಾದ ಮಾರನೇ ದಿನವೇ ಹೋದ್ಯಾ?” ಅವನು ನನ್ನ ತೊಡೆಯ ಮೇಲೆ ಕೈ ಇಟ್ಟ. “ನೀನೊಬ್ಬ ಇದ್ದೆ ಕಣೋ.”

ಈ ಬರಹದಲ್ಲಿ ಯಾವುದರ ಮೇಲೂ ನನಗೆ ನಂಬಿಕೆಯಿಲ್ಲ, ಇದೊಂದನ್ನು ಬಿಟ್ಟು. ನರ್ಸಮ್ಮ ಬಂದದ್ದು ಆ ಭಾನುವಾರವಾದ ಗುರುವಾರ. ಕಾಗದ ಬರುವುದಕ್ಕೆ ಇನ್ನೂ ಆರು ವಾರದ ಮೇಲಿತ್ತು. ಅವನಿಗೆ ಇದು ಇವತ್ತಿಗೂ ಗೊತ್ತಿಲ್ಲ. ಕೇಸಿನಿಂದ ಬಿಟ್ಟ ಆ ವಾರವೇ ಅವನ ತಾಯಿ ಕಣಕಟ್ಟೆಯಿಂದ ಬಸ್ಸಿನ ಮೇಲೆ ಒಂದು ಚೀಲ ತೆಂಗಿನಕಾಯಿ ಹಾಕಿ ಕಳಿಸಿದರು, ಮೇಷ್ಟ್ರಿಗೆ ಕೊಡಿ ಎಂದು. ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡು ಬಂದೆ. ನಮ್ಮ ಮನೆಯಲ್ಲಿ ಯುಗಾದಿಯವರೆಗೂ ಅದೇ ಕಾಯಿ.